ಸೋಮವಾರವೇ ಹೊರಟು ನಿಂತ ಕಾರು

ಲಿವೋನಿಯಾ, ಸೋಮವಾರ

ಅಮೆರಿಕಕ್ಕೆ ಹೋಗಿಬಂದವರನ್ನು ನಮ್ಮವರು ಕೇಳುವ ಮೊದಲ ಪ್ರಶ್ನೆ, ಆ ದೊಡ್ಡ ಜಲಪಾತ ನೋಡಿದಿರಾ ಎಂದು. ನೋಡಲಿಲ್ಲ. ಎರಡನೆಯದು, ಶಿಕಾಗೋದ ನೂರು ಅಂತಸ್ತಿನ ಕಟ್ಟಡ ಹತ್ತಿದಿರಾ ಎಂದು. ಅದರ ಹತ್ತಿರದ ಒಂದು ಬೀದಿಯಲ್ಲಿ ಇಡೀ ದಿನ ಕಾರಿನೊಳಗೆ ಕೂತಿದ್ದೆ, ಹತ್ತಲಿಲ್ಲ. ಹಾಗಾದರೆ ಮೂರು ತಿಂಗಳು ಅಲ್ಲೇನು ಕಡಿದು ಕಟ್ಟೆ ಹಾಕಿದಿರಿ ಎಂದು ಕೇಳಿದರೆ, ಒಂದು ಹಳೆಯ ಡೀಸೆಲ್ ಕಾರನ್ನು ಸ್ಟಾರ್ಟ್ ಮಾಡಿದೆ ಎನ್ನುತ್ತೇನೆ. ಕೇಳಿದವರು ಕಾಫಿ ಲೋಟ ಕೆಳಗಿಟ್ಟು ಎದ್ದುಬಿಡುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ. ಓದುವವರು ಎದ್ದುಹೋದರೆ ನನಗೆ ಕಾಣುವುದಿಲ್ಲ.

ನಾನು ಇಪ್ಪತ್ತೆಂಟು ವರ್ಷ ಮೈಸೂರು ಸುತ್ತಮುತ್ತಲಿನ ಸಣ್ಣ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬೇರೆಯವರ ರೈಲಿಗೂ ಎರಡು ಗಂಟೆ ಮೊದಲೇ ಹೋಗಿ ಪ್ಲಾಟ್‌ಫಾರಂ ಅಳೆಯುವ ಮನುಷ್ಯ. ನಿವೃತ್ತಿಯಾದ ಮೇಲೆ ನನ್ನ ಈ ಚಡಪಡಿಕೆ ತಡೆಯಲಾರದೆ, "ಹೋಗಿ, ರಘು ಅಷ್ಟು ಕರೀತಿದಾನೆ, ಹೋಗಿ ಬನ್ನಿ" ಎಂದು ಹೆಂಡತಿಯೇ ವಿಮಾನ ಹತ್ತಿಸಿದಳು. ರಘು ನನ್ನ ಅಕ್ಕನ ಮಗ. ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ಪಂಪುಗಳ ಕಂಪೆನಿಯೊಂದರಲ್ಲಿ ಎಂಜಿನಿಯರ್. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ ಅವನ ಮನೆಗೆ ಹೋಗಿ ಇಳಿದೆ. ನನ್ನ ಹತ್ತಿರ ಎರಡು ಗಡಿಯಾರ. ಕೈಗಡಿಯಾರಕ್ಕೆ ಲಿವೋನಿಯಾದ ಸಮಯ, ಕೋಟಿನ ಜೇಬುಗಡಿಯಾರಕ್ಕೆ ಮೈಸೂರಿನ ಸಮಯ. ಮನೆಯಲ್ಲಿ ಈಗ ಕಾಫಿ ಕಾಯುತ್ತಿದೆಯೋ, ದೀಪ ಹಚ್ಚಿದ್ದಾರೋ ಎಂದು ಆಗಾಗ ತೆಗೆದು ನೋಡುತ್ತಿದ್ದೆ.

ರಘುವಿನ ಹೆಂಡತಿ ಸುಮಿತ್ರಾ ಧಾರವಾಡದ ಹುಡುಗಿ, ಡಾಕ್ಟರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವಳು. ಆದರೆ ಆ ದೇಶದಲ್ಲಿ ಹೊರಗಿನ ಡಾಕ್ಟರುಗಳು ಅವರದೊಂದು ಪರೀಕ್ಷೆ ಪಾಸು ಮಾಡುವ ತನಕ ಡಾಕ್ಟರುಗಳಲ್ಲ. ಒಂದು ಸಲ ಬರೆದಾಗ ಸ್ವಲ್ಪದರಲ್ಲಿ ತಪ್ಪಿತ್ತು. ಎರಡನೆಯ ಸಲ ಪರೀಕ್ಷೆಯ ದಿನವೇ ಅಪೆಂಡಿಕ್ಸ್ ಆಪರೇಷನ್ನಾಗಿ ಮಲಗಿದ್ದಳು. ನಾಲ್ಕು ವರ್ಷದಿಂದ ಊರಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಳು. ಈಗ ಡೆಟ್ರಾಯಿಟ್ಟಿನ ಒಂದು ಆಸ್ಪತ್ರೆಯವರು, ಈ ಜನವರಿಯಲ್ಲಿ ಪಾಸಾದರೆ ಜುಲೈಯಿಂದ ಸೇರಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಎಂದಿದ್ದರು. ಹತ್ತಿರದ ಕೇಂದ್ರ ಭರ್ತಿಯಾಗಿ ಅವಳಿಗೆ ಶಿಕಾಗೋ ಸಿಕ್ಕಿತ್ತು. ಪರೀಕ್ಷೆ ಬುಧವಾರ ಬೆಳಿಗ್ಗೆ. ಮಂಗಳವಾರ ಬೆಳಿಗ್ಗೆ ಹೊರಟು, ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಅವಳ ಸ್ನೇಹಿತೆಯ ಮನೆಯಲ್ಲಿ ಉಳಿಯುವುದು ಎಂದು ನಿಶ್ಚಯವಾಗಿತ್ತು. ರಘುವನ್ನು ಆಫೀಸಿನವರು ಒಂದು ವಾರ ಓಹಾಯೋಗೆ ಕಳಿಸಿದ್ದರಿಂದ ಕಾರು ಓಡಿಸುವವಳು ಅವಳೇ. ಜೊತೆಗೆ ಹಿರಿಯರು ಅಂತ ನಾನು.

ಇನ್ನು ಕಾರು. ಹದಿನೈದು ವರ್ಷ ಹಳೆಯದು, ಜರ್ಮನಿಯದು, ಡೀಸೆಲ್. ಪೆಟ್ರೋಲ್ ಕಾರುಗಳನ್ನು ಹೆರುವ ಊರಿನಲ್ಲಿ ಅದು ಓಡಾಡಿದರೆ ಜನ ತಿರುಗಿ ನೋಡುತ್ತಿದ್ದರು, ಮೆಚ್ಚಿಗೆಯಿಂದ ಅಲ್ಲ. ಅದನ್ನು ಹೊರಡಿಸುವುದು ಒಂದು ಪೂಜೆ. ಡ್ಯಾಷ್‌ಬೋರ್ಡಿನ ಗುಂಡಿಯೊಂದನ್ನು ಅರ್ಧ ಎಳೆದು ಹಿಡಿಯಬೇಕು. ಪಕ್ಕದ ಸಣ್ಣ ಜಾಲರಿಯ ಹಿಂದೆ ಒಂದು ಸುರುಳಿ ತಂತಿ ನಿಧಾನವಾಗಿ ಕೆಂಪಾಗುತ್ತದೆ. ಅದು ಕೆಂಪಾಯಿತು ಎಂದರೆ ಎಂಜಿನ್ನಿನ ಒಳಗಿನ ಕಡ್ಡಿಗಳೂ ಕಾದವು ಎಂದು ಅರ್ಥ. ಆಮೇಲೆ ಗುಂಡಿಯನ್ನು ಪೂರ್ತಿ ಎಳೆದರೆ ಎಂಜಿನ್ ತಿರುಗುತ್ತದೆ. "ಮಾವ, ಕೆಂಪಾಗೋವರೆಗೂ ಎಳೀಬಾರದು. ಆತುರ ಪಟ್ರೆ ಬ್ಯಾಟರಿ ಸತ್ತೇ ಹೋಗತ್ತೆ" ಎಂದು ರಘು ಹೇಳುತ್ತಿದ್ದ. ಒಂದು ನಿಮಿಷದ ಕೆಲಸ. ನನಗೆ ಆ ಒಂದು ನಿಮಿಷ ತಡೆಯಲಾಗುತ್ತಿರಲಿಲ್ಲ, ಪಕ್ಕದ ಸೀಟಿನಲ್ಲಿ ಕೂತು ಕಾಲು ಕುಣಿಸುತ್ತಿದ್ದೆ.

ಚಳಿಗಾಲದಲ್ಲಿ ಇಷ್ಟೂ ಸಾಲದು. ಬಾನೆಟ್ಟಿನಿಂದ ಒಂದು ಗಿಡ್ಡ ವೈರು ಹೊರಗೆ ಬಂದು, ಇನ್ನೊಂದು ಉದ್ದನೆಯ ವೈರಿನ ಮೂಲಕ ಗರಾಜಿನ ಗೋಡೆಯ ಪ್ಲಗ್ಗಿಗೆ ಹೋಗುತ್ತಿತ್ತು. ರಾತ್ರಿಯಿಡೀ ಎಂಜಿನ್ನಿನ ನೀರನ್ನು ಅದು ಬೆಚ್ಚಗಿಡುತ್ತದೆ, ನಮ್ಮಲ್ಲಿ ಸ್ನಾನಕ್ಕೆ ಹಂಡೆಗೆ ಉರಿ ಹಾಕಿದ ಹಾಗೆ. ರಘು ಪ್ರತಿ ಸಂಜೆ ಬಟ್ಟೆ ಬದಲಿಸುವ ಮುಂಚೆ ಅದನ್ನು ಚುಚ್ಚಿ ಬರುತ್ತಿದ್ದ.

ಸೋಮವಾರ ಸಂಜೆ ಊಟವಾದ ಮೇಲೆ ನಾನು ಪಂಚಾಂಗ ತೆಗೆದೆ. ಹೆಂಡತಿ ಪೆಟ್ಟಿಗೆಯ ತಳದಲ್ಲಿ ಹಪ್ಪಳದ ರಟ್ಟಿನ ಡಬ್ಬದ ಜೊತೆ ಇಟ್ಟಿದ್ದ ಮೈಸೂರಿನ ಪಂಚಾಂಗ.

"ಸುಮಿತ್ರಾ, ಮಂಗಳವಾರ ಹೊರಡೋದು ಅಷ್ಟು ಸರಿಯಿಲ್ಲಮ್ಮ" ಎಂದೆ.

ಅವಳು ಪುಸ್ತಕದಿಂದ ತಲೆ ಎತ್ತಿದಳು. "ಬುಧವಾರ ಮುಂಜಾನೆ ಪರೀಕ್ಷಾ ಅದರಿ ಮಾವಾರ. ಮಂಗಳವಾರ ಬಿಡಲಿಲ್ಲಂದ್ರ ಮುಟ್ಟೂದು ಹೆಂಗ್ರಿ?"

"ಹೋಗಬೇಡ ಅಂದ್ನೇ? ಇವತ್ತೇ ಪ್ರಸ್ಥಾನ ಇಟ್ಬಿಡೋಣ."

ಗೊತ್ತಿಲ್ಲದ ಇಂದಿನವರಿಗಾಗಿ ಹೇಳುತ್ತೇನೆ. ಹೊರಡಬೇಕಾದ ದಿನ ಒಳ್ಳೆಯದಲ್ಲದಿದ್ದರೆ ಮುನ್ನಾದಿನವೇ ಪ್ರಯಾಣದ ಒಂದು ಗಂಟನ್ನು ಮನೆಯ ಎಲ್ಲೆ ದಾಟಿಸಿ ಬೇರೆ ಕಡೆ ಇಡುವುದು. ಗಂಟು ಹೊರಟಿತೆಂದರೆ ನಾವೂ ಹೊರಟ ಲೆಕ್ಕ. ಮರುದಿನ ಅದನ್ನು ಎತ್ತಿಕೊಂಡು ಮುಂದುವರಿಯಬೇಕು, ಮನೆಯೊಳಗೆ ಮಾತ್ರ ವಾಪಸ್ ತರಬಾರದು. ಸುಮಿತ್ರಾಗೆ ಇದು ಗೊತ್ತಿತ್ತು. "ನಮ್ಮ ಅಜ್ಜಿ ಆಚಾರ್ರ ಮನ್ಯಾಗ ಇಡ್ತಿದ್ಲರಿ. ಇಲ್ಲಿ ಎಲ್ಲಿಡೂದ್ರಿ?" ಎಂದು ನಕ್ಕಳು.

ಅದೇ ಪ್ರಶ್ನೆ. ರಸ್ತೆಯ ಅಂಚಿನಲ್ಲಿಡೋಣವೆಂದರೆ ಮಂಗಳವಾರ ಕಸದ ಲಾರಿ ಬರುವ ದಿನ, ಗಂಟು ಸೀದಾ ಕಸಕ್ಕೆ ಹೋಗುತ್ತದೆ. ಎರಡು ಮನೆ ಆಚೆಗಿನ ಸ್ಟಾನ್ ಎಂಬ ಮುದುಕನ ಮನೆಯಲ್ಲಿಡೋಣವೆಂದರೆ ಅವನಿಗೆ ಏನೆಂದು ವಿವರಿಸುವುದು? ಆಗ ನನಗೊಂದು ಯೋಚನೆ ಹೊಳೆಯಿತು. ಇವತ್ತಿಗೂ ಅದನ್ನು ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

"ಕಾರನ್ನೇ ಇಟ್ಬಿಡೋಣ. ಪೆಟ್ಟಿಗೆ ಒಳಗಿಟ್ಟು ಕಾರನ್ನ ಸ್ಟಾನ್ ಮನೆ ಮುಂದೆ ನಿಲ್ಲಿಸಿದ್ರೆ ಆಯ್ತು."

"ಗರಾಜಿನ್ಯಾಗ ವೈರ್ ಹಚ್ಚೇದರಿ. ಹೊರಗ ಇಟ್ರ ಎಂಜಿನ್ ತಣ್ಣಗಾಗ್ತದ. ಇಟ್ಟು, ಒಂದು ತಾಸು ಬಿಟ್ಟು ಒಳಗ ತರೂಣೇನ್ರಿ?"

"ಹೊರಟ ಗಾಡಿ ಒಳಗೆ ಬಂದ್ರೆ ಪ್ರಸ್ಥಾನ ಕೆಟ್ಟಂಗೆ ಕಣಮ್ಮ. ಅಷ್ಟಕ್ಕೂ ರೇಡಿಯೋದಲ್ಲಿ ಚಳಿ ಅಷ್ಟೇನಿಲ್ಲ ಅಂದ್ರಲ್ಲ."

ಅವಳು ಪುಸ್ತಕದ ನಡುವೆ ಬೆರಳಿಟ್ಟುಕೊಂಡು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. "ಹಿರೇರು ಹೇಳಿದ ಮ್ಯಾಲ ಆತು ತಗೋರಿ" ಎಂದು ಎದ್ದು ಕೋಟು ಹಾಕಿಕೊಂಡಳು. ಎಂಟೂವರೆಗೆ ಕಾರು ಸ್ಟಾನ್ ಮನೆಯ ಮುಂದೆ ಹೋಗಿ ನಿಂತಿತು. ಗರಾಜಿನಲ್ಲಿ ಬಿದ್ದಿದ್ದ ವೈರನ್ನು ನಾನೇ ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ತೂಗುಹಾಕಿದೆ. ರೈಲ್ವೆಯವರ ಅಭ್ಯಾಸ. ಆ ರಾತ್ರಿ ನನಗೆ ಬಹಳ ಒಳ್ಳೆಯ ನಿದ್ದೆ ಬಂತು.

ಲಿವೋನಿಯಾ, ಮಂಗಳವಾರ

ಬೆಳಿಗ್ಗೆ ಆರಕ್ಕೆ ರೇಡಿಯೋದವನು ರಾಗ ಬದಲಿಸಿದ್ದ. ಉತ್ತರದ ಗಾಳಿ ಬೇಗ ಬಂದುಬಿಟ್ಟಿತಂತೆ. ಅವರ ಫ್ಯಾರನ್‌ಹೀಟಿನ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಬಾಗಿಲು ತೆರೆದು ಉಸಿರೆಳೆದರೆ ಮೂಗಿನೊಳಗಿನ ಕೂದಲು ಸೆಟೆದು ನಿಂತವು. ಹಿಮದ ಮೇಲೆ ಕಾಲಿಟ್ಟರೆ ಒಣ ಅವಲಕ್ಕಿ ತುಳಿದ ಸದ್ದು.

ಸುಮಿತ್ರಾ ಗುಂಡಿ ಅರ್ಧ ಎಳೆದು ಹಿಡಿದಳು. ಒಂದು ನಿಮಿಷ, ಎರಡು ನಿಮಿಷ. ಜಾಲರಿಯ ಹಿಂದಿನ ತಂತಿ ಕೆಂಪಾಗಲಿಲ್ಲ, ಸುಮ್ಮನೆ ಕಂದಿತು. "ಎಳಿಯಮ್ಮ, ಎಳಿ, ಹೊತ್ತಾಯ್ತು" ಎಂದು ನಾನು ಒತ್ತಾಯಿಸಿದೆ. ಅವಳು ಎಳೆದಳು. ಎಂಜಿನ್ ಒಂದು ಸಲ ನರಳಿತು, ಅರ್ಧ ಸುತ್ತು ಹೊರಳಿ ನಿಂತಿತು. ಮತ್ತೊಮ್ಮೆ ಎಳೆದರೆ ಒಂದು ಕಟಕ್ ಸದ್ದು ಮಾತ್ರ.

ಅವಳು ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಮುಂದೆ ನೋಡುತ್ತ ಕೂತಳು. ಆಮೇಲೆ ದನಿ ಏರಿಸದೆ ಹೇಳಿದಳು, "ನಾ ನಿನ್ನೆ ಒಲ್ಲೆ ಅನ್ನಬೇಕಿತ್ರಿ. ಅನಲಿಲ್ಲ. ನಿಮಗ ಬ್ಯಾಸರ ಆಗ್ತದಂತ ಸುಮ್ಮನಾದೆ, ನಂದೂ ತಪ್ಪದ. ಆದ್ರ ಮಾವಾರ, ಇದೊಂದು ಪರೀಕ್ಷಾ ತಪ್ಪಿದ್ರ ನಾ ಮತ್ತ ಬರಿಯಾಕಿ ಅಲ್ಲ. ಜನ್ಮಪೂರ್ತಿ ಪುಸ್ತಕಾ ಜೋಡಿಸ್ಕೋತ ಇರ್ತೀನಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಪ್ಪತ್ತೆಂಟು ವರ್ಷ ಬೇರೆಯವರ ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಬಿಟ್ಟವನು ಮನೆಯ ಹುಡುಗಿಯ ಗಾಡಿಯನ್ನು ನಿಲ್ಲಿಸಿಬಿಟ್ಟಿದ್ದೆ. ಒಳಗೆ ಹೋಗಿ ಅವಳು ಬಸ್ಸಿನವರಿಗೆ ಫೋನ್ ಮಾಡಿದಳು. ಬೆಳಗಿನ ಬಸ್ಸು ಹೋಗಿಯಾಗಿತ್ತು, ಮಧ್ಯಾಹ್ನದ್ದು ಹಿಮದಿಂದ ರದ್ದು. ನಾನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದೆ.

ಕಿಟಕಿಯಲ್ಲಿ ಸ್ಟಾನ್ ಕಂಡ. ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಮುದುಕ. ಅವನ ಅಪ್ಪ ಪೋಲೆಂಡಿನಿಂದ ಬಂದವನಂತೆ. ತನ್ನ ಮನೆಯ ಮುಂದೆ ರಾತ್ರೋರಾತ್ರಿ ಪ್ರತ್ಯಕ್ಷವಾದ ಜರ್ಮನ್ ಕಾರಿನ ಸುತ್ತ ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಸುತ್ತುತ್ತಿದ್ದ. ಹಿಂದಿನ ತಿಂಗಳು ಹಿಮ ತಳ್ಳುವ ಯಂತ್ರಕ್ಕೆ ಅವನ ಹೆಬ್ಬೆರಳು ಸಿಕ್ಕಿದಾಗ ಸುಮಿತ್ರಾ ಓಡಿಹೋಗಿ ರಕ್ತ ಕಟ್ಟಿಸಿ ಆಸ್ಪತ್ರೆಗೆ ಕಳಿಸಿದ್ದಳು. ಅಂದಿನಿಂದ ಆ ಬೀದಿಯಲ್ಲಿ ಅವಳನ್ನು ಡಾಕ್ಟರ್ ಎಂದು ಕರೆಯುವವನು ಅವನೊಬ್ಬನೇ.

ನಾನು ಹೊರಗೆ ಓಡಿ, ಬರುವಷ್ಟು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಗರಾಜಿದ್ದೂ ಕಾರನ್ನು ಯಾಕೆ ಇಲ್ಲಿ ನಿಲ್ಲಿಸಿದಿರಿ ಎಂದು ಅವನು ಕೇಳಿದ. ಅದೊಂದು ಧಾರ್ಮಿಕ ಕಾರಣ ಎಂದೆ. ಅವನು ಕಾರನ್ನು ನೋಡಿದ, ನನ್ನನ್ನು ನೋಡಿದ, ತನ್ನ ಅಜ್ಜಿಯೂ ಹೀಗೇ ಇದ್ದಳು ಎಂದು ಹೇಳಿ ಮತ್ತೇನೂ ಕೇಳಲಿಲ್ಲ. ಹನ್ನೊಂದಕ್ಕೆ ತನ್ನ ಹೆಂಡತಿ ತಮ್ಮ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಅಷ್ಟರೊಳಗೆ ಮಾಡಬೇಕು ಎಂದ.

ಅವನು ಮಾಡಿದ್ದು ಕಾರ್ಖಾನೆಯಲ್ಲಿ ಕಲಿತದ್ದಲ್ಲ, ಅವನ ಅಪ್ಪ ಟ್ರ್ಯಾಕ್ಟರಿಗೆ ಮಾಡುತ್ತಿದ್ದದ್ದಂತೆ. ಬೇಸಿಗೆಯಲ್ಲಿ ಅಂಗಳದಲ್ಲಿ ಮಾಂಸ ಸುಡಲು ಇಟ್ಟುಕೊಂಡಿದ್ದ ಇದ್ದಿಲನ್ನು ಅಗಲವಾದ ತಗಡಿನ ತಟ್ಟೆಗೆ ಸುರಿದು, ಉರಿಸಿ, ಜ್ವಾಲೆ ಆರಿ ಕೆಂಡವಾದ ಮೇಲೆ ಎಂಜಿನ್ನಿನ ಅಡಿಗೆ ತಳ್ಳಿದ. ಒಳಗಿನ ಎಣ್ಣೆ ಗಟ್ಟಿಯಾಗಿದೆ, ಅದು ಕರಗಬೇಕು ಎಂದ. ಇದು ನನಗೆ ಅರ್ಥವಾಗುವ ಭಾಷೆ. ಉಗಿಬಂಡಿಗಳ ಕಾಲದವನು ನಾನು, ಬೆಂಕಿಯ ಮುಂದೆ ಸುಮ್ಮನೆ ನಿಲ್ಲಲಾದೀತೇ? ಹಿಮದ ಮೇಲೆ ಗೋಣಿ ಹಾಸಿ ಮಂಡಿಯೂರಿ, ಕೈಗೆ ಸಿಕ್ಕಿದ್ದರಲ್ಲಿ ಕೆಂಡಕ್ಕೆ ಗಾಳಿ ಹಾಕತೊಡಗಿದೆ. ಹತ್ತು ನಿಮಿಷವಾದ ಮೇಲೆ ಸುಮಿತ್ರಾ ಬಂದು, "ಮಾವಾರ, ಅದು ಪಂಚಾಂಗರಿ" ಎಂದಳು. ಓವರ್‌ಕೋಟಿನ ಜೇಬಿನಿಂದ ಯಾವಾಗ ತೆಗೆದೆನೋ ತಿಳಿಯದು. ಒಂದು ಮೂಲೆ ಆಗಲೇ ಸುಟ್ಟಿತ್ತು. ಹಾಗೇ ಬೀಸುವುದನ್ನು ಮುಂದುವರಿಸಿದೆ.

ಮುಕ್ಕಾಲು ಗಂಟೆಯ ಮೇಲೆ ಸ್ಟಾನ್ ತಟ್ಟೆ ಎಳೆದು, ತನ್ನ ದೊಡ್ಡ ಪೆಟ್ರೋಲ್ ಕಾರನ್ನು ಮೂತಿಗೆ ಮೂತಿ ತಂದು ನಿಲ್ಲಿಸಿ ಬ್ಯಾಟರಿಯಿಂದ ಬ್ಯಾಟರಿಗೆ ಕೇಬಲ್ ಕೊಟ್ಟ. ಸುಮಿತ್ರಾ ಗುಂಡಿ ಎಳೆದು ಹಿಡಿದಳು. ನಾನು ಕಿಟಕಿಗೆ ಮುಖ ಒತ್ತಿ ಆ ತಂತಿಯನ್ನೇ ನೋಡಿದೆ. ಕಂದು, ಕೆಂಗಂದು, ಆಮೇಲೆ ಕೆಂಪು. ಎಂಜಿನ್ ನರಳಿತು, ಕೆಮ್ಮಿತು, ನಿಂತೇಬಿಟ್ಟಿತು ಅನ್ನುವಾಗ ಒಂದು ದೊಡ್ಡ ಗುಡುಗಿನೊಂದಿಗೆ ಹಿಡಿದುಕೊಂಡಿತು. ಬೀದಿಯೆಲ್ಲ ಬಿಳಿ ಹೊಗೆ. ಸ್ಟಾನ್ ಹೆಂಡತಿ ಕೆಮ್ಮುತ್ತ ಬಂದು ತನ್ನ ಕಾರು ಹತ್ತಿಕೊಂಡು ಹೋದಳು. ಸ್ಟಾನ್ ಗಂಟು ಬಿದ್ದ ಹೆಬ್ಬೆರಳನ್ನು ನಮ್ಮ ಕಡೆ ಎತ್ತಿ ತೋರಿಸಿ, ಡಾಕ್ಟರ್ ಪರೀಕ್ಷೆಗೆ ಹೋಗಲಿ, ಆದರೆ ಶಿಕಾಗೋ ಮುಟ್ಟುವ ತನಕ ಯಾವ ಕಾರಣಕ್ಕೂ ಎಂಜಿನ್ ಆರಿಸಬೇಡಿ ಎಂದ.

ಹೆದ್ದಾರಿಯಲ್ಲಿ

ಇನ್ನೂರೆಂಬತ್ತು ಮೈಲಿ. ಎರಡೂ ಕಡೆ ಬಿಳಿ ಹೊಲ, ನಡುವೆ ಬೂದಿ ಬಣ್ಣದ ರಸ್ತೆ. ನಮ್ಮಲ್ಲಾದರೆ ಇಷ್ಟು ದೂರದಲ್ಲಿ ಹತ್ತು ಊರು, ಇಪ್ಪತ್ತು ಕಾಫಿ, ನೂರು ಮಾತು ಆಗಿರುತ್ತಿತ್ತು. ಇಲ್ಲಿ ಮನುಷ್ಯರೇ ಕಾಣರು, ಹಸಿರು ಬೋರ್ಡುಗಳು ಮಾತ್ರ. ಸುಮಿತ್ರಾ ಮಧ್ಯೆ ಮಧ್ಯೆ ತುಟಿ ಅಲುಗಿಸುತ್ತ ಯಾವುದೋ ರೋಗದ ಲಕ್ಷಣಗಳನ್ನು ಒಪ್ಪಿಸಿಕೊಳ್ಳುತ್ತಿದ್ದಳು. ನಾನು ಕೈಗಡಿಯಾರ ನೋಡುವುದು, ಮೈಲಿ ಲೆಕ್ಕ ಹಾಕುವುದು, ಕಾಲು ಕುಣಿಸುವುದು.

ಅರ್ಧ ದಾರಿಯಲ್ಲಿ ಕಾರು ಸೊರಗತೊಡಗಿತು. ಕಾಲು ಒತ್ತಿದರೂ ವೇಗ ಏರದು. ಲಾರಿಗಳು ಬೊಬ್ಬೆ ಹೊಡೆಯುತ್ತ ನಮ್ಮನ್ನು ದಾಟಿಹೋದವು. "ಡೀಸೆಲ್ ಹೆಪ್ಪುಗಟ್ಟಾಕತ್ತೇದರಿ" ಎಂದಳು ಸುಮಿತ್ರಾ. ಚಳಿಗಾಲದಲ್ಲಿ ಸೀಸೆಯೊಳಗೆ ಕೊಬ್ಬರಿ ಎಣ್ಣೆ ಕಟ್ಟಿಕೊಳ್ಳುವುದಿಲ್ಲವೇ, ಹಾಗೆ. ಎಣ್ಣೆಯನ್ನಾದರೆ ಬಿಸಿಲಲ್ಲಿಡಬಹುದು. ಅಲ್ಲಿ ಬಿಸಿಲಿತ್ತು, ಬಿಸಿ ಇರಲಿಲ್ಲ.

ತೆವಳುತ್ತ ಒಂದು ಟ್ರಕ್ ಸ್ಟಾಪ್ ಸೇರಿಕೊಂಡೆವು. ಐವತ್ತು ಅರವತ್ತು ಲಾರಿಗಳು ಸಾಲಾಗಿ ನಿಂತಿವೆ, ಒಳಗೆ ಯಾರೂ ಇಲ್ಲ, ಎಲ್ಲದರ ಎಂಜಿನ್ನೂ ಓಡುತ್ತಿದೆ. ಚಾಲಕರು ಹೋಟೆಲಿನಲ್ಲಿ ಮೊಟ್ಟೆ ತಿನ್ನುತ್ತಿದ್ದರು. ನಮ್ಮ ಕಾರಿನ ಸದ್ದು ಕೇಳಿ ಒಬ್ಬ ದಢೂತಿ ಚಾಲಕ ತಾನಾಗಿಯೇ ಬಂದು ಬಾನೆಟ್ ಮೇಲೆ ಅಂಗೈಯಿಟ್ಟು ಯೋಚಿಸಿದ. ಟ್ಯಾಂಕಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಬೇಕು, ರೇಡಿಯೇಟರಿನ ಮುಂದೆ ರಟ್ಟು ಅಡ್ಡ ಕಟ್ಟಬೇಕು, ತಣ್ಣನೆಯ ಗಾಳಿ ಎಂಜಿನ್ನಿಗೆ ಹೊಡೆಯಬಾರದು ಎಂದ. ಸೀಮೆಎಣ್ಣೆ ಅಲ್ಲೇ ಸಿಕ್ಕಿತು. ರಟ್ಟಿಗೆ, ಸ್ನೇಹಿತೆಯ ಮನೆಗೆಂದು ತಂದಿದ್ದ ನಮ್ಮ ಹಪ್ಪಳದ ಡಬ್ಬವನ್ನೇ ಬಿಚ್ಚಿದೆ. ನನ್ನ ಹೆಂಡತಿ ದಪ್ಪ ಅಕ್ಷರದಲ್ಲಿ ಬರೆದಿದ್ದ "ಹಪ್ಪಳ, ಜೋಪಾನ" ಎಂಬುದನ್ನು ಎದೆಗೆ ಕಟ್ಟಿಕೊಂಡು ಆ ಕಾರು ಶಿಕಾಗೋ ತನಕ ಹೋಯಿತು.

ಸುಮಿತ್ರಾ ಮುಖ ತೊಳೆದು ಏನಾದರೂ ತಿಂದು ಬರಲು ಒಳಗೆ ಹೋದಳು. ಎಂಜಿನ್ ಓಡುತ್ತಿರುವ ಕಾರನ್ನು ಬಿಟ್ಟು ನಾನು ಕದಲುವಂತಿಲ್ಲ. ಇಡೀ ಜೀವಮಾನದಲ್ಲಿ ಇಪ್ಪತ್ತು ನಿಮಿಷ ಒಂದೇ ಕಡೆ ಸುಮ್ಮನೆ ಕೂತದ್ದು ಅದೇ ಮೊದಲಿರಬೇಕು. ಮಾಡಲು ಕೆಲಸವಿಲ್ಲದೆ ಜೇಬುಗಡಿಯಾರ ತೆಗೆದೆ. ಮೈಸೂರಿನಲ್ಲಿ ಹನ್ನೆರಡೂವರೆ ದಾಟಿತ್ತು. ಮಧ್ಯರಾತ್ರಿಯ ನಂತರದ ಹನ್ನೆರಡೂವರೆ. ಅಂದರೆ ಅಲ್ಲಿ ಆಗಲೇ ಬುಧವಾರದ ತಾರೀಖು. ಇಲ್ಲಿ ಇನ್ನೂ ಮಂಗಳವಾರ ಮಧ್ಯಾಹ್ನ. ಹಾಗಾದರೆ ನಿನ್ನೆ ನಾವು ಪ್ರಸ್ಥಾನ ಇಟ್ಟ ಎಂಟೂವರೆಗೆ ಅಲ್ಲಿ ಎಷ್ಟಾಗಿತ್ತು?

ಬೆರಳು ಮಡಿಚಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಬೆಳಗಿನ ಏಳು ಗಂಟೆ. ಸೂರ್ಯ ಹುಟ್ಟಿಯಾಗಿತ್ತು. ನಾನು ನೋಡಿದ ಪಂಚಾಂಗ ಮೈಸೂರಿನದು, ಆ ಪಂಚಾಂಗದ ಪ್ರಕಾರ ಆ ಹೊತ್ತು ಅಚ್ಚ ಮಂಗಳವಾರ. ಮಂಗಳವಾರ ತಪ್ಪಿಸಲು ಬೆಚ್ಚಗಿದ್ದ ಕಾರನ್ನು ಚಳಿಗೆ ದೂಡಿ, ನಾನು ಪ್ರಸ್ಥಾನ ಇಟ್ಟದ್ದು ಮಂಗಳವಾರವೇ. ಎರಡು ಗಡಿಯಾರ ಇಟ್ಟುಕೊಂಡ ರೈಲ್ವೆ ಮನುಷ್ಯನಿಗೆ ಇಷ್ಟು ಹೊಳೆದಿರಲಿಲ್ಲ.

ಸುಮಿತ್ರಾ ಕಾಗದದ ಲೋಟದಲ್ಲಿ ನನಗೆ ಕಾಫಿ ತಂದಳು. ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಕಾಫಿ ಕುಡಿದೆ. ಹೇಳುವ ಧೈರ್ಯ ಬರಲಿಲ್ಲ.

ಇಂಡಿಯಾನಾ ಗಡಿ ದಾಟಿದಾಗ ಸಂಜೆ ನಾಲ್ಕು. "ಇಲ್ಲಿಂದ ಒಂದು ತಾಸು ಹಿಂದರಿ. ಮೂರಾತು. ಒಂದು ತಾಸು ಸಿಕ್ತು ನೋಡ್ರಿ ನಮಗ" ಎಂದಳು, ಆ ದಿನ ಮೊದಲ ಸಲ ಸ್ವಲ್ಪ ಗೆಲುವಿನಿಂದ. ಶಿಕಾಗೋದ ಸಮಯವೇ ಬೇರೆಯಂತೆ. ಮಂಗಳವಾರದ ರಾಹುಕಾಲ ಮೂರರಿಂದ ನಾಲ್ಕೂವರೆ. ಮುಗಿಯುತ್ತ ಬಂದಿದ್ದ ರಾಹುಕಾಲ ಆ ಒಂದು ಗೆರೆ ದಾಟಿದ್ದೇ ಮತ್ತೆ ಮೊದಲಿನಿಂದ ಶುರುವಾಯಿತು. ನಾನು ಮೂಲೆ ಸುಟ್ಟ ಪಂಚಾಂಗವನ್ನು ಸೀಟಿನ ಅಡಿಗೆ ತಳ್ಳಿ ಕಿಟಕಿಯ ಹೊರಗೆ ನೋಡಿದೆ.

ಗ್ಲೆಂಡೇಲ್ ಹೈಟ್ಸ್

ಸುಮಿತ್ರಾಳ ಸ್ನೇಹಿತೆ ಪದ್ಮಾ ಬೆಂಗಳೂರಿನವಳು. ಬಾಗಿಲು ತೆರೆದು, "ಬನ್ನಿ ಅಂಕಲ್, ಎಷ್ಟು ಲೇಟ್ ಆಯ್ತು, ಗಾಬರಿ ಆಗಿತ್ತು. ಮೊದ್ಲು ಕಾಫಿ ಕುಡೀರಿ" ಎಂದಳು.

"ಕಾಫಿ ಆಮೇಲೆ. ಪ್ಲಗ್ ಎಲ್ಲಿದೆಯಮ್ಮ?" ಎಂದೆ.

ಆ ಮನೆಯ ಹೊರಗೋಡೆಯಲ್ಲಿ ಪ್ಲಗ್ ಇರಲಿಲ್ಲ. ಪದ್ಮಾ ಕ್ರಿಸ್‌ಮಸ್ ದೀಪಕ್ಕೆ ತಂದಿದ್ದ ಉದ್ದನೆಯ ವೈ‌ರನ್ನು ಹುಡುಕಿ ಕೊಟ್ಟಳು. ಬಚ್ಚಲುಮನೆಯ ಕಿಟಕಿಯಿಂದ ಅದನ್ನು ಇಳಿಸಿ, ಕಿಟಕಿಯ ಸಂದಿಗೆ ಹಳೆ ಟವಲು ತುರುಕಿ, ಹಿಮದ ಮೇಲೆ ಹಾಸಿ ಕಾರಿಗೆ ಚುಚ್ಚಿದೆವು. ಬಾನೆಟ್ಟಿಗೆ ಕಿವಿಗೊಟ್ಟರೆ ಒಳಗೆ ಸಣ್ಣಗೆ ಹಿಸ್ ಎನ್ನುತ್ತಿತ್ತು. ಪದ್ಮಾಳ ಆರು ವರ್ಷದ ಮಗಳು ಕಿಟಕಿಯಲ್ಲಿ ನಿಂತು, ಕಾರಿಗೆ ಹುಷಾರಿಲ್ಲವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಹೂಂ ಪುಟ್ಟಿ, ಸಲೈನ್ ಹಚ್ಚೇವಿ" ಎಂದಳು ಸುಮಿತ್ರಾ. ಆ ಮಗುವಿಗೆ ಏನು ಅರ್ಥವಾಯಿತೋ, ತಲೆಯಾಡಿಸಿತು.

ಬೆಳಿಗ್ಗೆ ಐದಕ್ಕೇ ಎದ್ದು ನಾನು ವೈರು ನೋಡಿ ಬಂದೆ. ಐದೂವರೆಗೆ ಮತ್ತೆ ನೋಡಿದೆ. ಆರಕ್ಕೆ ಪದ್ಮಾ, "ಅಂಕಲ್, ಅದು ಎಲ್ಲೂ ಹೋಗಲ್ಲ, ಕೂತ್ಕೊಳಿ" ಎಂದು ಉಪ್ಪಿಟ್ಟಿನ ತಟ್ಟೆ ಕೈಗಿತ್ತಳು. ಪರೀಕ್ಷೆ ಒಂಬತ್ತಕ್ಕೆ, ದಾರಿ ಮೂವತ್ತು ಮೈಲಿಯೊಳಗೆ. ಏಳಕ್ಕೆ ಹೊರಡಬೇಕಿತ್ತು. ಪದ್ಮಾಳ ಗಂಡ ಕೆಲಸಕ್ಕೆ ಹೋದ ಮೇಲೆ ಹಿಮ ತಳ್ಳುವ ಲಾರಿ ಬಂದು ಇಡೀ ಬೀದಿಯ ಹಿಮವನ್ನು ನಮ್ಮ ಕಾರಿನ ಮುಂದೆ ಗುಡ್ಡೆ ಹಾಕಿ ಹೋಯಿತು. ಅದನ್ನು ಸಲಿಕೆಯಲ್ಲಿ ತೆಗೆಯುವಷ್ಟರಲ್ಲಿ ಏಳೂವರೆ.

ಸುಮಿತ್ರಾ ಸೀಟಿನಲ್ಲಿ ಕೂತು ಗುಂಡಿ ಅರ್ಧ ಎಳೆದು ಹಿಡಿದಳು. ನಾನು ಪಕ್ಕದಲ್ಲಿ. ಉಸಿರು ಗಾಜಿಗೆ ತಾಗಿ ಹರಳುಗಟ್ಟುತ್ತಿತ್ತು.

"ಮಾವಾರ," ಎಂದಳು ಮುಂದೆಯೇ ನೋಡುತ್ತ, "ಏಳೂವರಿ ಆಗೇದ. ಬುಧವಾರ ಏಳೂವರಿಯಿಂದ ಯಮಗಂಡ ಅಂತ ಮೊನ್ನೆ ಪಂಚಾಂಗ ತಗದಾಗ ನೀವ ಅಂದಿದ್ರಿ. ಹೊರಡಬಹುದೇನ್ರಿ?"

ಅದು ಕುಚೋದ್ಯವಲ್ಲ. ನಿಜವಾಗಿಯೂ ಕೇಳಿದ್ದಳು. ನಿನ್ನೆ ಅಷ್ಟು ಅನುಭವಿಸಿದ ಮೇಲೂ, ಹಿರಿಯನೊಬ್ಬನ ಬಾಯಲ್ಲಿ ಬಂದ ಮಾತು ಪರೀಕ್ಷೆಯ ದಿನ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಕಾರನ್ನು ತಣ್ಣಗಾಗಿಸಿದ್ದಕ್ಕಿಂತ ಇದು ದೊಡ್ಡ ಅಪರಾಧ ಎಂದು ನನಗೆ ಆಗ ಅನ್ನಿಸಿತು.

ನಾನು ಗಡಿಯಾರ ತೆಗೆಯಲಿಲ್ಲ. ಜಾಲರಿಯ ಹಿಂದಿನ ತಂತಿಯನ್ನು ನೋಡಿದೆ. ಅದು ಇನ್ನೂ ಕಂದು. "ತಡಿ" ಎಂದೆ. ಕಾಲು ಕುಣಿಸದೆ ಕೂತೆ. ಕಂದು ಕೆಂಗಂದಾಯಿತು. "ತಡಿ, ಇನ್ನೊಂಚೂರು." ತಂತಿ ಪೂರ್ತಿ ಹೊಳೆಯಿತು.

"ಕೆಂಪಾಯ್ತಮ್ಮ. ಎಳಿ."

ಒಂದೇ ಎಳೆತಕ್ಕೆ ಹಿಡಿಯಿತು.

ಶಿಕಾಗೋ

ಒಂಬತ್ತಕ್ಕೆ ಎಂಟು ನಿಮಿಷವಿರುವಾಗ ಅವಳು ಕಟ್ಟಡದ ಮೆಟ್ಟಿಲು ಹತ್ತಿದಳು. ಹೋಗುವ ಮುಂಚೆ, ಸಂಜೆಯವರೆಗೆ ಬಿಟ್ಟರೆ ಕಾರು ಮತ್ತೆ ಹಟ ಹಿಡಿಯುತ್ತದೆಂದು ನನಗೆ ವಿದ್ಯೆ ಹೇಳಿಕೊಟ್ಟಿದ್ದಳು. ಗೇರು ನಡುವಿನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಗಂಟೆಗೊಮ್ಮೆ ಸ್ಟಾರ್ಟ್ ಮಾಡಿ ಕಾಲು ಗಂಟೆ ಓಡಲು ಬಿಡಬೇಕು. ಸೈಕಲ್ಲಿಗಿಂತ ದೊಡ್ಡದನ್ನು ನಡೆಸದ ನಾನು ಆ ದಿನ ಜರ್ಮನ್ ಕಾರಿನ ಚಾಲಕನ ಸೀಟಿನಲ್ಲಿ ಕಂಬಳಿ ಹೊದ್ದು ಕೂತೆ.

ಏಳು ಸಲ ಸ್ಟಾರ್ಟ್ ಮಾಡಿದೆ. ಎರಡನೆಯ ಸಲ ಆತುರ ಪಟ್ಟು ಅರ್ಧಕ್ಕೇ ಎಳೆದು, ಅದು ನರಳಿ ಸುಮ್ಮನಾಯಿತು. ಆಮೇಲೆ ಬುದ್ಧಿ ಬಂತು. ಎದುರಿಗೆ ಆ ನೂರಂತಸ್ತಿನ ಕಪ್ಪು ಕಟ್ಟಡದ ತಲೆ ಮೋಡದೊಳಗೆ ಹೋಗಿತ್ತು. ಸರೋವರದ ಕಡೆಯಿಂದ ಬರುವ ಗಾಳಿಗೆ ಜನ ಬೆನ್ನು ಕೊಟ್ಟು ಹಿಂದುಮುಂದಾಗಿ ನಡೆಯುತ್ತಿದ್ದರು. ಒಬ್ಬ ಪೊಲೀಸಿನವನು ಗಾಜು ತಟ್ಟಿ ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಒಳಗೆ ನಮ್ಮ ಹುಡುಗಿ ಪರೀಕ್ಷೆ ಬರೆಯುತ್ತಿದ್ದಾಳೆ, ನಾನು ಎಂಜಿನ್ ಬೆಚ್ಚಗಿಟ್ಟಿದ್ದೇನೆ ಎಂದೆ. ರೇಡಿಯೇಟರಿನ ಮುಂದಿನ ಹಪ್ಪಳದ ರಟ್ಟನ್ನು ನೋಡಿ, ಯಾವ ಭಾಷೆ ಎಂದು ಕೇಳಿ, ಮುಂದೆ ಹೋದ.

ಸಂಜೆ ಅವಳು ಹೊರಗೆ ಬಂದಾಗ ಕಾರು ಓಡುತ್ತಿತ್ತು. ನಾನು ಪಕ್ಕದ ಸೀಟಿಗೆ ಸರಿದೆ. ಒಳಗೆ ಕೂತು, ಕೈಗವಸು ಬಿಚ್ಚಿ ಬಿಸಿ ಗಾಳಿಗೆ ಅಂಗೈ ಹಿಡಿದು, "ಬೆಚ್ಚಗದರಿ" ಎಂದಳು.

"ಹೇಗಾಯ್ತಮ್ಮ?"

"ಬರದೇನ್ರಿ. ಬಿಟ್ಟದ್ದಿಲ್ಲ ಒಂದೂ."

ಆಗ ಹೇಳಿದೆ. ಮೈಸೂರಿನ ಏಳು ಗಂಟೆ, ಅಲ್ಲಿನ ಮಂಗಳವಾರ, ಎಲ್ಲ. ಅವಳು ಕೇಳುತ್ತ ಕೇಳುತ್ತ ಕಣ್ಣು ದೊಡ್ಡದು ಮಾಡಿದಳು. "ಅಂದ್ರ ಮಂಗಳವಾರ ಬ್ಯಾಡಂತ ಮಂಗಳವಾರನ ಪ್ರಸ್ಥಾನ ಇಟ್ಟೇವೇನ್ರಿ?" ಎಂದು ಸ್ಟೀರಿಂಗಿಗೆ ಹಣೆಯಿಟ್ಟು ನಕ್ಕಳು. ನಗು ನಿಲ್ಲಲೇ ಇಲ್ಲ, ಸ್ವಲ್ಪ ಹೊತ್ತಿಗೆ ಅದು ಅಳುವಾಯಿತು. ನಾಲ್ಕು ವರ್ಷದ್ದು ಅದು. ಸಮಾಧಾನ ಮಾಡಲು ನನಗೆ ಬರುವುದಿಲ್ಲ. ಎಂಜಿನ್ ಓಡುತ್ತಿರಲಿ ಎಂದು ಸುಮ್ಮನೆ ಕೂತಿದ್ದೆ.

ಮೈಸೂರು

ಊರಿಗೆ ಬಂದ ಮೇಲೆ ಜೇಬುಗಡಿಯಾರವನ್ನು ಲಿವೋನಿಯಾದ ಸಮಯಕ್ಕೆ ತಿರುಗಿಸಿ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಳ್ಳುತ್ತಾರೆ. ಸಮಯಕ್ಕೆ ಹೀಗೆ ಅಗೌರವ ತೋರುವ ಜನರನ್ನು ನಾನು ಕಂಡಿಲ್ಲ, ಆದರೂ ತಳ್ಳಿದೆ.

ಜೂನ್‌ನಲ್ಲಿ ಸುಮಿತ್ರಾಳ ಕಾಗದ ಬಂತು. ಪಾಸಾಗಿದ್ದಳು. ಕೊನೆಯಲ್ಲಿ ಹೀಗೆ ಬರೆದಿದ್ದಳು: "ಜುಲೈ ಮೊದಲ ಸೋಮವಾರ ಆಸ್ಪತ್ರೆಗೆ ಸೇರುತ್ತೇನೆ. ಮನೆ ಬಿಡುವುದು ಬೆಳಿಗ್ಗೆ ಏಳೂವರೆಗೆ. ಸೋಮವಾರ ಅದು ರಾಹುಕಾಲವೆಂದು ಗೊತ್ತು. ಕಾರು ಗರಾಜಿನಲ್ಲೇ ಇರುತ್ತದೆ ಮಾವ, ಹೆದರಬೇಡಿ. ಸ್ಟಾನ್ ಕೇಳಿದರೆಂದು ಹೇಳಲು ಹೇಳಿದ್ದಾರೆ."

ಆ ಸೋಮವಾರ ಸಂಜೆ ಐದಕ್ಕೆ ಹೆಂಡತಿ ಕಾಫಿ ತಂದಳು. ನಾನು ಜಗಲಿಯಲ್ಲಿ ಜೇಬುಗಡಿಯಾರ ಹಿಡಿದು ಕೂತಿದ್ದೆ. ಅದರಲ್ಲಿ ಏಳೂವರೆ.

"ಆರಿಹೋಗತ್ತೆ, ಕುಡೀರಿ" ಎಂದಳು.

"ಒಂದು ನಿಮಿಷ ತಡಿ" ಎಂದೆ.

ನಲವತ್ತು ವರ್ಷ ಸಂಸಾರ ಮಾಡಿದವಳು ನನ್ನ ಬಾಯಲ್ಲಿ ಆ ಮಾತನ್ನು ಕೇಳಿದ್ದು ಅದೇ ಮೊದಲು. ಲೋಟ ಹಿಡಿದುಕೊಂಡೇ ಪಕ್ಕದಲ್ಲಿ ಕೂತಳು. ಸೆಕೆಂಡಿನ ಮುಳ್ಳು ಒಂದು ಪೂರ್ತಿ ಸುತ್ತು ಬರುವ ತನಕ ಇಬ್ಬರೂ ಅಲುಗಾಡಲಿಲ್ಲ.

"ಕೆಂಪಾಯ್ತು" ಎಂದು ಹೇಳಿ ಕಾಫಿ ತೆಗೆದುಕೊಂಡೆ.